ಅಂಗಡಿಯ ವಿಳಾಸಕ್ಕೆ ಒಂದು ಬೊಕೆ

"ವಿಳಾಸ ಇನ್ನೊಂದ್ಸಲ ಓದೇ," ಎಂದು ಗಂಡ ಮೊಪೆಡ್ಡಿನ ಮೇಲೆ ಕೂತಲ್ಲಿಂದಲೇ ಕೇಳಿದ.

ಹೂವಿನಂಗಡಿಯವಳು ಫೋನನ್ನು ಮುಖದಿಂದ ಒಂದು ಗೇಣು ದೂರ ಹಿಡಿದು ಮೂರನೆಯ ಸಲ ಓದಿದಳು. ಹಳದಿ ಗುಲಾಬಿ ಹನ್ನೆರಡು, ಸುತ್ತ ಹಸಿರೆಲೆ, ಬಿಳಿ ಕಾಗದ, ಸಂಜೆ ಐದು ಗಂಟೆಯೊಳಗೆ. ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಆದರೆ ಪಡೆಯುವವರ ಹೆಸರಿರಬೇಕಾದ ಕಡೆ ಅವಳ ಅಂಗಡಿಯ ಹೆಸರಿತ್ತು. ವಿಳಾಸದ ಕಡೆ ಬಸ್ ನಿಲ್ದಾಣದ ಹಿಂದಿನ ರಸ್ತೆ, ಬೇಕರಿಯ ಪಕ್ಕ ಎಂದಿತ್ತು. ಅಂದರೆ ಅವಳು ಈಗ ಒದ್ದೆ ಚಪ್ಪಲಿಯಲ್ಲಿ ನಿಂತಿದ್ದ ಜಾಗವೇ.

"ನಮ್ಮ ಅಂಗಡಿಗೇ ಬರೆದಿದೆ ಕಣ್ರೀ."

"ನಮ್ಮ ಅಂಗಡಿಯಿಂದ ನಮ್ಮ ಅಂಗಡಿಗೆ ಬೊಕೆ ತಲುಪಿಸೋಕೆ ನಾನೇನು ಮೊಪೆಡ್ ಸ್ಟಾರ್ಟ್ ಮಾಡ್ಲಾ, ನಡ್ಕೊಂಡೇ ಹೋಗ್ಲಾ?"

"ತಮಾಷೆ ಸಾಕು. ನೀವು ಕಳಿಸಿದ್ದಾ?"

"ನಾನಾ? ನಾನು ಕೊಡೋ ಹಾಗಿದ್ರೆ ನಿನ್ನೆ ಉಳಿದಿದ್ದನ್ನೇ ಎತ್ತಿ ನಿನ್ನ ಕೈಗೆ ಕೊಡ್ತಿದ್ದೆ," ಎಂದ ಗಂಡ. ಬೆಳಿಗ್ಗೆಯ ಎರಡು ಬೊಕೆಗಳನ್ನು ಮುಂದಿನ ಬುಟ್ಟಿಯಲ್ಲಿ ಹುಷಾರಾಗಿ ಇಟ್ಟುಕೊಂಡ. ಒಂದು ಹೆರಿಗೆ ಆಸ್ಪತ್ರೆಗೆ, ಇನ್ನೊಂದು ನಿವೃತ್ತರಾಗುತ್ತಿದ್ದ ಹೆಡ್‌ಮಾಸ್ಟರಿಗೆ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದಾಳೆ, ಅವನ ಸುಳ್ಳು ಅವಳಿಗೆ ಮೂಗಿನ ತುದಿಯಲ್ಲೇ ಗೊತ್ತಾಗುತ್ತದೆ. ಇದು ಸುಳ್ಳಲ್ಲ.

ಇಂಥ ಆರ್ಡರುಗಳು ನಗರದ ಕಂಪನಿಯೊಂದರಿಂದ ಬರುತ್ತವೆ. ಎಲ್ಲೋ ದೂರದಲ್ಲಿರುವವರು ಕಂಪನಿಗೆ ಹೇಳುತ್ತಾರೆ, ಕಂಪನಿ ಇವಳಿಗೆ ಹೇಳುತ್ತದೆ. ಇವಳು ಬೊಕೆ ಕಟ್ಟಿ, ಅವರು ಹೇಳಿದ ಮಾತನ್ನು ತನ್ನ ಕೈಯಾರೆ ಕಾರ್ಡಿನಲ್ಲಿ ಬರೆದು, ಕಾರ್ಡು ಕಾಣುವ ಹಾಗೆ ಒಂದು ಫೋಟೋ ತೆಗೆದು ಕಂಪನಿಗೆ ಕಳಿಸಬೇಕು. ಫೋಟೋದಲ್ಲಿ ಕೈ ಕಾಣಬಾರದು, ಅದು ಅವರ ನಿಯಮ. ಕಂಪನಿ ಆ ಫೋಟೋವನ್ನು ದುಡ್ಡು ಕೊಟ್ಟವರಿಗೆ ದಾಟಿಸುತ್ತದೆ. ಕಳಿಸಿದವರು ಯಾರೆಂದು ಇವಳಿಗೂ ತಿಳಿಸುವುದಿಲ್ಲ. ಹೂ ತಗೊಂಡವರು ಯಾರು ಯಾರು ಎಂದು ಬಾಗಿಲಲ್ಲಿ ನಿಂತು ಪೀಡಿಸಿದಾಗ, "ಅದನ್ನೆಲ್ಲ ಹೇಳೋ ಹಾಗಿಲ್ಲ," ಎಂದು ದೊಡ್ಡ ಗುಟ್ಟು ಗೊತ್ತಿರುವವಳ ಹಾಗೆ ನಗುವುದು ಅವಳಿಗೆ ರೂಢಿಯಾಗಿತ್ತು. ಇವತ್ತು ಕೇಳುವವಳೂ ಅವಳೇ, ಹೇಳದವಳೂ ಅವಳೇ.

ಕಂಪನಿಗೆ ಫೋನು ಮಾಡಿದಳು. ಒಂದು ಎಳೆ ದನಿಯ ಹುಡುಗಿ ಎತ್ತಿಕೊಂಡಳು.

"ಈ ಹಳದಿ ಗುಲಾಬಿ ಆರ್ಡರು ಕೊಟ್ಟಿದ್ದು ಯಾರಮ್ಮಾ?"

"ಕಳಿಸಿದವರ ವಿವರ ಕೊಡೋಕಾಗಲ್ಲ ಮೇಡಂ. ನಿಮಗೇ ಗೊತ್ತಲ್ಲ, ನಿಯಮ."

ಅದು ನನಗೇ ಬಂದಿರೋದು ಎನ್ನಲು ನಾಚಿಕೆಯಾಗಿ ಫೋನು ಇಟ್ಟಳು. ಆ ಒಂದು ಮಾತು ಹೇಳಿದ್ದರೆ ಇಡೀ ದಿನ ಬೇರೆಯಾಗುತ್ತಿತ್ತು.

ತನ್ನದೇ ಬೊಕೆಗೆ ಹೊಸ ಹೂ ಯಾಕೆ ಎಂದು ಹಿಂದಿನ ಬಕೆಟ್ಟಿನಿಂದ ಎರಡು ದಿನದ ಗುಲಾಬಿಗಳನ್ನು ಆರಿಸಿದಳು. ಮುಳ್ಳು ಸವರಿದಳು. ಹಸಿರು ದಾರ ಸುತ್ತುವಾಗ ಬಲಗೈ ಹೆಬ್ಬೆರಳಿನ ಬುಡ ಚುರ್ ಎಂದಿತು. ಗಂಟುಗಟ್ಟಿ ಬಾಗಿದ್ದ ಬೆರಳುಗಳು ಈಗೀಗ ದಾರವನ್ನು ಹಿಡಿಯುವುದಕ್ಕಿಂತ ಬಿಡುವುದೇ ಹೆಚ್ಚು. ತಣ್ಣೀರು ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರು. ಹೂವಿನಂಗಡಿಯವಳಿಗೆ ತಣ್ಣೀರು ಮುಟ್ಟಬೇಡ ಎನ್ನುವುದೂ ಅಂಗಡಿ ಮುಚ್ಚು ಎನ್ನುವುದೂ ಒಂದೇ.

ಕಾರ್ಡು ಒದ್ದೆಯಾಗದಿರಲಿ ಎಂದು ಅದನ್ನು ಯಾವಾಗಲೂ ಕೊನೆಗೇ ಬರೆಯುವುದು. ಕೈ ಒರೆಸಿಕೊಂಡು ಕೂತು, ಫೋನಿನಲ್ಲಿ ಕಾರ್ಡಿನ ಸಾಲು ಹುಡುಕಿದಳು. "ಅವತ್ತು ಕೇಳಿದ್ದಕ್ಕೆ ನನ್ನ ಉತ್ತರ ಹೂಂ. ತಡವಾಯಿತು, ಬೇಜಾರು ಬೇಡ." ಹೆಸರಿರಲಿಲ್ಲ.

ಯಾರನ್ನು ಏನು ಕೇಳಿದ್ದೆ? ನೀರಿನ ಗಾಡಿಯವನಿಗೆ ಇನ್ನು ಮೇಲೆ ಏಳಕ್ಕೆ ಮುಂಚೆ ಬಾ ಎಂದಿದ್ದಳು. ಅವನು ಹೂ ಕಳಿಸುವಷ್ಟು ರಸಿಕನಲ್ಲ. ಮದುವೆ ಮನೆಯ ಅಲಂಕಾರಕ್ಕೆ ಒಯ್ದ ಕಬ್ಬಿಣದ ಸ್ಟ್ಯಾಂಡು ಯಾವಾಗ ಕೊಡ್ತೀರಿ ಎಂದು ಶಾಮಿಯಾನದವನನ್ನು ಕೇಳಿದ್ದಳು, ಅದಕ್ಕೆ ಹೂಂ ಎಂಬುದು ಉತ್ತರವಾಗುವುದಿಲ್ಲ. ಬೆರಳು ವಾಸಿಯಾಗುತ್ತಾ ಎಂದು ಡಾಕ್ಟರನ್ನು ಕೇಳಿದ್ದಳು, ಅವರು ಅಲ್ಲೇ ತಲೆಯಲ್ಲಾಡಿಸಿದ್ದರು. ಹೀಗೆ ಒಂದೊಂದೇ ಎಣಿಸುತ್ತಾ, ಎಣಿಸಬೇಕಾದ ಒಂದನ್ನು ಬೇಕೆಂದೇ ತಳಕ್ಕೆ ಒತ್ತುತ್ತಾ ಕೂತಳು.

ಹತ್ತು ದಿನದ ಹಿಂದೆ ಅಕ್ಕನಿಗೆ ಕಾಗದ ಬರೆದಿದ್ದಳು. ನಾಲ್ಕು ಸಲ ಉದ್ದುದ್ದ ಬರೆದು ಹರಿದು, ಐದನೆಯ ಸಲ ಎರಡೇ ಸಾಲು: "ನನ್ನ ಕೈ ಸೋತಿದೆ. ಬರ್ತೀಯಾ?"

ಅಂಗಡಿಯನ್ನು ಅಕ್ಕತಂಗಿಯರು ಸೇರಿ ಎರಡು ಬಕೆಟ್ಟಿನಿಂದ ಶುರು ಮಾಡಿದ್ದು. ಅಕ್ಕ ಎಡಚಿ. ತಂಗಿ ಬಲದಿಂದ ಸುತ್ತಿದರೆ ಅಕ್ಕ ಎಡದಿಂದ ಸುತ್ತುತ್ತಿದ್ದಳು. ಒಂದೇ ದೊಡ್ಡ ಹಾರವನ್ನು ಎರಡು ತುದಿಯಿಂದ ಇಬ್ಬರೂ ಕಟ್ಟುತ್ತಾ ಬಂದು ಮಧ್ಯದಲ್ಲಿ ಸೇರಿಸಿದರೆ ಗಂಟು ಎಲ್ಲಿದೆಯೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಅಕ್ಕನದು ಒಂದು ಹಟ. ಹೂ ಕೇಳಲು ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಯಾರಿಗೆ, ಯಾಕೆ, ಅವರ ಸ್ವಭಾವ ಹೇಗೆ ಎಂದೆಲ್ಲ ಕೇಳಿಯೇ ಕಟ್ಟುವುದು. ಒಂಬತ್ತು ವರ್ಷದ ಹಿಂದೆ ಕಂಪನಿಯ ಪ್ರತಿನಿಧಿ ಬ್ಯಾಗು ಹಿಡಿದು ಬಂದಾಗ ಅಕ್ಕ ಕತ್ತರಿ ಕೆಳಗಿಟ್ಟು, "ಮುಖ ನೋಡದೆ ಹೂ ಕಟ್ಟೋಕೆ ನಾನೇನು ಸೊಪ್ಪು ಮಾರ್ತಿದ್ದೀನಾ?" ಎಂದಿದ್ದಳು. ಮಾತಿಗೆ ಮಾತು ಬೆಳೆಯಿತು. "ಇಷ್ಟ ಇದ್ರೆ ಇರು, ಇಲ್ಲ ಅಂದ್ರೆ ಹೋಗು," ಎಂದುಬಿಟ್ಟಳು ತಂಗಿ. ಅಕ್ಕ ತನ್ನ ಎಡಗೈ ಕತ್ತರಿಯನ್ನು ಸೆರಗಿನಲ್ಲಿ ಒರೆಸಿಕೊಂಡು, ಬ್ಯಾಗಿಗೆ ಹಾಕಿಕೊಂಡು ಹೊರಟೇಹೋದಳು. ಆ ಮೇಲೆ ಫೋನು ಎತ್ತಲಿಲ್ಲ. ಬೇರೆ ಊರಲ್ಲಿ ಕೋರ್ಟಿನ ಹಿಂದಿನ ಗಲ್ಲಿಯಲ್ಲಿ ಇದ್ದಾಳಂತೆ, ಏನೋ ಕೆಲಸ ಮಾಡಿಕೊಂಡಿದ್ದಾಳಂತೆ ಎಂದು ಚಿಕ್ಕಪ್ಪನ ಮಗ ಈಚೆಗೆ ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟಿದ್ದ.

ಅಂಥ ಅಕ್ಕ ಅದೇ ಕಂಪನಿಯ ಮೂಲಕ ಹೂ ಕಳಿಸುತ್ತಾಳೆಯೇ? ಇಲ್ಲ, ಸಾಧ್ಯವೇ ಇಲ್ಲ. ಮರುಕ್ಷಣ ಅನ್ನಿಸಿತು: ಅವಳಲ್ಲದೆ ಇನ್ಯಾರು? ಯಾವುದಕ್ಕೆ ಜಗಳವಾಡಿ ಹೋದಳೋ ಅದರ ಕೈಯಲ್ಲೇ ಉತ್ತರ ಕಳಿಸಿದರೆ, ಸೋತೆ ಮಾರಾಯ್ತಿ ಎಂದು ಬಾಯಿಬಿಟ್ಟು ಹೇಳುವ ಕಷ್ಟವಿಲ್ಲ. ತಂಗಿಗೆ ಬರಬೇಕಾದ ಹೂವನ್ನು ತಂಗಿಯ ಕೈಯಲ್ಲೇ ಕಟ್ಟಿಸುವುದು, ಕಾರ್ಡನ್ನೂ ಅವಳಿಂದಲೇ ಬರೆಸುವುದು, ಇಂಥ ಕಿತಾಪತಿ ಅಕ್ಕನದೇ. ಹಾಗಾದರೆ ಸಂಜೆ ಐದು ಎಂದರೆ? ಐದರ ಬಸ್ಸಿಗೆ ಬರುತ್ತಾಳೆಯೇ? ಇಷ್ಟೆಲ್ಲ ಸರಿಹೊಂದುವುದು ನೋಡಿ ಅವಳಿಗೆ ಭಯವೇ ಆಯಿತು. ಕಟ್ಟಿದ ಬೊಕೆಯನ್ನು ಬಿಚ್ಚಿ ಹಳೆ ಗುಲಾಬಿಗಳನ್ನು ಬದಿಗೆ ಎಸೆದಳು. ಬೆಳಿಗ್ಗೆ ಬಂದ ಕಟ್ಟಿನ ದಾರ ಕತ್ತರಿಸಿ ಮೊಗ್ಗು ಅರಳುವ ಹದದಲ್ಲಿದ್ದ ಹನ್ನೆರಡನ್ನು ಆರಿಸಿದಳು.

ಹನ್ನೆರಡು ಗಂಟೆಗೆ ಪಕ್ಕದ ಬೇಕರಿಯವನು ಹಿಟ್ಟಿನ ಕೈ ಒರೆಸುತ್ತಾ ಬಂದ. ಅವನಿಗೆ ಇವಳ ಅಂಗಡಿ ಬೇಕಾಗಿತ್ತು. ನಡುವಿನ ಗೋಡೆ ಒಡೆದು ಇನ್ನೊಂದು ಒಲೆ ಹಾಕುವ ಯೋಚನೆ. ಇವತ್ತು ಮಧ್ಯಾಹ್ನದೊಳಗೆ ಹೇಳುತ್ತೇನೆ ಎಂದು ಇವಳೇ ಮಾತು ಕೊಟ್ಟಿದ್ದಳು.

"ನೋಡಮ್ಮ, ನಾಳೆ ಗಾರೆಯವರು ಬರ್ತಾರೆ. ಇಲ್ಲಾಂದ್ರೆ ನಾನು ಮೂಲೆ ಅಂಗಡಿ ಹಿಡೀಬೇಕು. ಒಂದು ಮಾತು ಹೇಳಿಬಿಡು."

"ಕೊಡಲ್ಲ ಅಣ್ಣಾ. ನನ್ನಕ್ಕ ಬರ್ತಿದ್ದಾಳೆ."

"ಅಕ್ಕನಾ? ಫೋನ್ ಮಾಡಿದ್ಳಾ?"

"ಹೂ ಕಳಿಸಿದ್ದಾಳೆ."

ಬೇಕರಿಯವನು ಸುತ್ತಲಿನ ಹನ್ನೊಂದು ಬಕೆಟ್ಟು ಹೂವನ್ನು ಒಂದು ಸಲ ನೋಡಿದ. "ನಿನಗಾ?" ಎಂದ. ಆಮೇಲೆ ಏನೂ ಕೇಳದೆ, ಅವಳ ಎದುರಿಗೇ ಮೂಲೆ ಅಂಗಡಿಯವರಿಗೆ ಫೋನು ಮಾಡಿ, ಆಯ್ತು ನಾನೇ ತಗೋತೀನಿ ಎಂದು ಮಾತು ಮುಗಿಸಿಬಿಟ್ಟ. ಅಂಗಡಿ ಉಳಿಯಿತು ಎಂದು ಅವಳಿಗೆ ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಅವನ ಆ ಒಂದು "ನಿನಗಾ?" ಮಾತ್ರ ಹಲ್ಲಿನ ಸಂದಿಯ ನಾರಿನ ಹಾಗೆ ಮಧ್ಯಾಹ್ನವೆಲ್ಲ ಕಾಡಿತು.

ಬೊಕೆಯ ಫೋಟೋ ತೆಗೆದು ಕಂಪನಿಗೆ ಕಳಿಸಿದಳು. ಅಕ್ಕ ನೋಡುತ್ತಾಳೆ ಎಂದು ಸುತ್ತು ನೇರವಾಗಿದೆಯೇ ಎಂದು ಎರಡೆರಡು ಸಲ ನೋಡಿಕೊಂಡಳು. ಆಮೇಲೆ ಬಿಳಿ ಕಾಗದ ಬಿಚ್ಚಿ ಹೂವನ್ನು ಸ್ಟೀಲ್ ಜಗ್ಗಿನಲ್ಲಿ ಇಟ್ಟು ಮೇಜಿನ ನಡುವೆ ಕೂರಿಸಿದಳು, ಕಾರ್ಡನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದಳು. ಒಳಗಿನ ಕೋಣೆಯ ದಾರದ ಉಂಡೆಗಳನ್ನು ಸರಿಸಿ ಅಕ್ಕನ ಸ್ಟೂಲು ಹೊರಗೆ ತಂದಳು. ಅದರ ಒಂದು ಕಾಲು ಗಿಡ್ಡ, ಅದಕ್ಕೊಂದು ರಟ್ಟು ಮಡಿಸಿ ಇಟ್ಟಳು.

ಗಂಡ ಬಂದು ಇದನ್ನೆಲ್ಲ ನೋಡಿ ಹೆಲ್ಮೆಟ್ಟನ್ನೂ ತೆಗೆಯಲಿಲ್ಲ. "ಹೆಸರಿಲ್ಲದ ಒಂದು ಸಾಲು ನಂಬ್ಕೊಂಡು ಬೇಕರಿಯವನಿಗೆ ಇಲ್ಲ ಅಂದ್ಯಾ?"

"ಬೇರೆ ಯಾರು ಕಳಿಸ್ತಾರೆ, ನೀವೇ ಹೇಳಿ."

ಅವನಿಗೂ ಹೇಳಲು ಯಾರೂ ಸಿಗಲಿಲ್ಲ. "ಐದರ ಬಸ್ಸು ನೋಡ್ಕೊಂಡು ಬರ್ತೀನಿ," ಎಂದು ಹೋದ.

ಐದಕ್ಕೆ ಹತ್ತು ನಿಮಿಷವಿರುವಾಗ ಅಂಗಡಿಯ ಮುಂದೆ ನೆರಳು ಬಿತ್ತು. ಅವಳು ತಲೆಗೂದಲು ಸರಿಮಾಡಿಕೊಂಡು ಎದ್ದಳು. ಬಂದವನು ಅವಳು ಬೆರಳು ತೋರಿಸುವ ಕ್ಲಿನಿಕ್ಕಿನ ಕಾಂಪೌಂಡರ್. ಐವತ್ತರ ಹತ್ತಿರದ ಒಂಟಿ ಮನುಷ್ಯ. ಔಷಧಿ ಕಿಟಕಿಯ ಆ ಕಡೆಯಿಂದ ಮುಲಾಮಿನ ಡಬ್ಬಿ ದಾಟಿಸುತ್ತಾ, ಊಟಕ್ಕೆ ಮುಂಚೆ, ಊಟ ಆದಮೇಲೆ ಎನ್ನುವುದನ್ನು ಬಿಟ್ಟರೆ ಅವನ ಬಾಯಿಂದ ಬೇರೆ ಮಾತು ಅವಳು ಕೇಳಿರಲಿಲ್ಲ. ಈಗಲೂ ರಸ್ತೆಯ ಎರಡೂ ಕಡೆ ನೋಡಿ, ಒಳಗೆ ಬಂದು, ದನಿ ಇಳಿಸಿ, "ರೆಡಿ ಇದ್ಯಾ?" ಎಂದ.

"ಏನು?"

"ಹಳದಿ ಗುಲಾಬಿ. ಹನ್ನೆರಡು."

ಅವಳು ಏನೂ ಅರ್ಥವಾಗದೆ ಅವನ ಮುಖವನ್ನೇ ನೋಡಿದಳು. ಕಳಿಸಿದ್ದು ಇವನೇ? ನನಗೇ? ಕಿವಿ ಬಿಸಿಯಾಯಿತು. ಬೆರಳಿಗೆ ಬಟ್ಟೆ ಸುತ್ತಿಕೊಟ್ಟ ಮನುಷ್ಯ, ಅವನನ್ನು ನಾನು ಏನು ಕೇಳಿದ್ದೆ? ಆದರೆ ಕಾಂಪೌಂಡರನ ಕಣ್ಣು ಕನ್ನಡಿಯಲ್ಲಿ ಸಿಕ್ಕಿಸಿದ್ದ ಕಾರ್ಡಿನ ಮೇಲೆ ಬಿದ್ದು ಅವನ ಕಿವಿ ಅವಳದಕ್ಕಿಂತ ಕೆಂಪಾಯಿತು.

"ಅಯ್ಯೋ, ಅದನ್ನ ಎಲ್ಲರಿಗೂ ಕಾಣೋ ಹಾಗೆ ಇಟ್ಟಿದ್ದೀರಾ?"

ಒಂದೊಂದೇ ಹೊರಬಂತು. ಲೈಬ್ರರಿಯಲ್ಲಿ ಪುಸ್ತಕ ಕೊಡುವ ಹೆಂಗಸು ಮೂರು ತಿಂಗಳ ಹಿಂದೆ ಕೆಮ್ಮಿನ ಔಷಧಿಗೆಂದು ಕಿಟಕಿಯ ಹತ್ತಿರ ಬಂದವಳು, ಇಬ್ಬರೂ ಎಷ್ಟು ದಿನ ಬೇರೆ ಬೇರೆ ಅಡುಗೆ ಮಾಡ್ಕೊಳ್ಳೋದು, ಒಟ್ಟಿಗೆ ಇರೋಣ್ವಾ ಎಂದು ನೇರವಾಗಿ ಕೇಳಿದ್ದಳು. ಇವನಿಗೆ ಬಾಯಿ ಕಟ್ಟಿ, ಒಂದು ಬಾಟಲಿಯ ಬದಲು ಎರಡು ಬಾಟಲಿ ಕೊಟ್ಟು ಕಳಿಸಿದ್ದ. ಈ ಹೂವಿನಂಗಡಿಗೆ ಬಂದು ಕೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ನಗರದ ಕಂಪನಿಯಲ್ಲಿ ಹೇಳಿದ್ದ. ಲೈಬ್ರರಿಗೆ ಕಳಿಸಿದರೆ ಓದುವವರೆಲ್ಲ ತಲೆ ಎತ್ತುತ್ತಾರೆ, ಆದ್ದರಿಂದ ನಾನೇ ಒಯ್ಯುತ್ತೇನೆ ಎಂದಿದ್ದ.

"ಹಾಗಾದ್ರೆ ಹತ್ತಿರದ ಅಂಗಡಿಗೆ ಹೋಗಿ ತಗೊಳ್ಳಿ ಅಂದ್ರು. ಊರಲ್ಲಿ ಇರೋದು ನಿಮ್ಮದೊಂದೇ ಅಂಗಡಿ ಅಂತ ಆಗ ನೆನಪಾಯ್ತು."

ಅಂಗಡಿಗೇ ಬಂದು ತಗೊಳ್ಳುವ ಆರ್ಡರು. ಅದಕ್ಕೆ ಅಂಗಡಿಯ ವಿಳಾಸ. ಒಂಬತ್ತು ವರ್ಷದಲ್ಲಿ ಅಂಥದ್ದು ಒಂದೂ ಬಂದಿರಲಿಲ್ಲ, ಯಾಕೆಂದರೆ ಈ ಊರಿನವರಿಗೆ ಹೂ ಬೇಕಾದರೆ ಕಂಪನಿಯನ್ನು ಕೇಳುವ ತಲೆನೋವೇ ಇಲ್ಲ. ಅವಳಿಗೆ ನಗು ಬರಬೇಕಾದಲ್ಲಿ ಅಳು ಬಂತು. ಅವನು ನೋಡಬಾರದೆಂದು ಬೆನ್ನು ತಿರುಗಿಸಿ ಜಗ್ಗಿನ ಹೂ ತೆಗೆದು ಮತ್ತೆ ಕಟ್ಟಲು ಕೂತಳು. ಬೆರಳು ಕೇಳಲಿಲ್ಲ. ದಾರ ಜಾರಿತು, ಮತ್ತೆ ಜಾರಿತು.

"ತಣ್ಣೀರು ಮುಟ್ಟಬೇಡಿ ಅಂದಿರ್ಲಿಲ್ವಾ?" ಎಂದು ಕಾಂಪೌಂಡರ್ ಅಕ್ಕನ ಸ್ಟೂಲಿನ ಮೇಲೆ ಕೂತು ದಾರದ ಇನ್ನೊಂದು ತುದಿ ಹಿಡಿದುಕೊಂಡ.

"ಮೂರು ತಿಂಗಳು ಸುಮ್ಮನೆ ಇದ್ರಲ್ಲ," ಎಂದಳು ಸಿಟ್ಟಿನಿಂದ. ಯಾರ ಮೇಲಿನ ಸಿಟ್ಟು ಎಂದು ಅವಳಿಗೇ ಗೊತ್ತಿರಲಿಲ್ಲ. "ಕೇಳಿದವರು ಬೇಡ ಅಂತಲೇ ಅಂದ್ಕೊಂಡಿರ್ತಾರಲ್ವಾ?"

"ಬೇಡ ಅಂತಾಗಿದ್ರೆ ಅವತ್ತೇ ಹೇಳ್ತಿದ್ದೆ. ಬೇಡ ಅನ್ನೋಕೆ ಎಷ್ಟು ಹೊತ್ತು ಬೇಕು?" ಎಂದ ಅವನು. ಬಿಳಿ ಕಾಗದದಲ್ಲಿ ಸುತ್ತಿ ಕಾರ್ಡು ಸಿಕ್ಕಿಸಿದ ಬೊಕೆಯನ್ನು ಛತ್ರಿಯ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಹೋಗಲು ಹೊರಟ. ಅವಳು ಕರೆದು, ಎದೆಗೆ ಹಿಡಿದುಕೊಳ್ಳುವುದು ಹೇಗೆಂದು ತೋರಿಸಿಕೊಟ್ಟಳು.

ಗಂಡ ಒಬ್ಬನೇ ವಾಪಸು ಬಂದ. ಬಸ್ಸಿನಿಂದ ಯಾರೂ ಇಳಿಯಲಿಲ್ಲ ಎಂದು ಹೇಳುವ ಮೊದಲೇ ಖಾಲಿ ಜಗ್ಗನ್ನು ನೋಡಿದ. ಅವಳು ಎಲ್ಲ ಹೇಳಿದಳು. ನಾನು ಹೇಳಿರಲಿಲ್ಲವಾ ಎಂದು ಅವನು ಅನ್ನಬಹುದಿತ್ತು, ಅನ್ನಲಿಲ್ಲ. ಅದರಿಂದ ಅವಳಿಗೆ ಇನ್ನೂ ಸಂಕಟವಾಯಿತು. ಬೇಕರಿಯವನು ಮೂಲೆ ಅಂಗಡಿ ಹಿಡಿದಾಗಿತ್ತು, ಅಕ್ಕನ ಉತ್ತರ ಬಂದಿರಲಿಲ್ಲ, ಈ ಕೈಯಲ್ಲಿ ಅಂಗಡಿ ಇನ್ನೆಷ್ಟು ದಿನ ನಡೆಯುತ್ತದೆ ಎಂದು ಕೇಳಲು ಇಬ್ಬರಿಗೂ ಧೈರ್ಯವಿರಲಿಲ್ಲ. ಬೇಡ ಅನ್ನೋಕೆ ಎಷ್ಟು ಹೊತ್ತು ಬೇಕು ಎಂಬ ಮಾತು ಮಾತ್ರ ತಲೆಯಲ್ಲಿ ಸುತ್ತುತ್ತಿತ್ತು. ಅವಳು ಫೋನು ಎತ್ತಿಕೊಂಡಳು.

"ನಾನೇ ಒಂದು ಬೊಕೆ ಕಳಿಸ್ಬೇಕಮ್ಮಾ. ಗಿರಾಕಿಯಾಗಿ."

"ಹೇಳಿ ಮೇಡಂ," ಎಂದಳು ಬೆಳಗಿನ ಹುಡುಗಿ. ಇವಳು ಚಿಕ್ಕಪ್ಪನ ಮಗನ ಚೀಟಿ ನೋಡಿ ಊರು, ಕೋರ್ಟಿನ ಹಿಂದಿನ ಗಲ್ಲಿ, ಮನೆ ನಂಬರು ಹೇಳಿದಳು. ಆ ಕಡೆ ಕೀಲಿಮಣೆಯ ಸದ್ದು ನಿಂತಿತು.

"ಮೇಡಂ, ಈ ವಿಳಾಸ ಆ ಊರಲ್ಲಿ ನಮಗೆ ಬೊಕೆ ಕಟ್ಟಿಕೊಡೋ ಅಂಗಡಿಯದ್ದೇ. ನೀವೇ ಹೋಗಿ ತಗೋತೀರಾ?"

"ಯಾವ ಅಂಗಡಿ?"

"ನಿಮ್ಮ ಹಾಗೇ ಹೂವಿನಂಗಡಿ ಮೇಡಂ. ಅಲ್ಲೊಬ್ಬರು ಹೆಂಗಸು ನಡೆಸ್ತಾರೆ. ಆರು ವರ್ಷದಿಂದ ನಮ್ಮ ಜೊತೆ ಇದ್ದಾರೆ."

ಅವಳು ಅಕ್ಕನ ಸ್ಟೂಲಿನ ಮೇಲೆ ಕೂತುಬಿಟ್ಟಳು. ಮುಖ ನೋಡದೆ ಹೂ ಕಟ್ಟುವುದಿಲ್ಲ ಎಂದವಳು ಆರು ವರ್ಷದಿಂದ ಕಟ್ಟುತ್ತಿದ್ದಾಳೆ. ನಗಬೇಕೋ, ಬಯ್ಯಬೇಕೋ, ಒಂಬತ್ತು ವರ್ಷ ಯಾವುದಕ್ಕೆ ಜಗಳವಾಡಿದೆವು ಎಂದು ಯಾರನ್ನಾದರೂ ಕೇಳಬೇಕೋ ತಿಳಿಯಲಿಲ್ಲ.

"ಮೇಡಂ? ಅಂಗಡಿಯಿಂದ ತಗೊಳ್ಳೋದು ಅಂತ ಹಾಕ್ಲಾ?"

"ಬೇಡ. ಅದನ್ನ ನಡೆಸೋರಿಗೇ ಕಳಿಸ್ಬೇಕು. ಅದನ್ನ ಸರಿಯಾಗಿ ಬರ್ಕೋ ತಾಯಿ, ಅವರಿಗೇ ಅಂತ."

"ಯಾವ ಹೂ?"

"ಅವರಿಗೆ ತೋಚಿದ್ದು."

"ಕಾರ್ಡಲ್ಲಿ?"

"ಬರ್ತೀಯಾ, ಅಷ್ಟೇ. ಹೆಸರು ಬೇಡ."

ಮರುದಿನ ಬೆಳಿಗ್ಗೆ ಬಕೆಟ್ಟುಗಳಿಗೆ ನೀರು ಬದಲಾಯಿಸುವ ಹೊತ್ತಿಗೆ ಫೋನು ಸದ್ದು ಮಾಡಿತು. ಕಂಪನಿ ದಾಟಿಸಿದ ಫೋಟೋ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ತೆರೆದಳು. ಹಳದಿ ಸೇವಂತಿಗೆ. ಅದು ಅಕ್ಕನಿಗೆ ಆಗದ ಹೂ, ತಂಗಿಗೆ ಇಷ್ಟವೆಂದು ಬೈದುಕೊಂಡೇ ಕಟ್ಟುತ್ತಿದ್ದದ್ದು. ಸುತ್ತಿದ ದಾರ ಎಡದಿಂದ ಹೋಗಿತ್ತು. ಕಾರ್ಡಿನಲ್ಲಿ ಅಕ್ಕನ ಗುಂಡು ಅಕ್ಷರದಲ್ಲಿ "ಬರ್ತೀಯಾ?" ಎಂದಿತ್ತು. ಕಂಪನಿಯ ನಿಯಮ ಮೀರಿ, ಬೊಕೆಯನ್ನು ಹಿಡಿದಿದ್ದ ಎಡಗೈ ಫೋಟೋದಲ್ಲಿ ಕಾಣುತ್ತಿತ್ತು. ಹೆಬ್ಬೆರಳಿನ ಬುಡ ಊದಿಕೊಂಡಿತ್ತು. ಉಳಿದ ಬೆರಳುಗಳು ಇವಳವುಗಳ ಹಾಗೆಯೇ ಗಂಟು ಗಂಟಾಗಿ ಒಂದು ಕಡೆಗೆ ಬಾಗಿದ್ದವು.

ಗಂಡ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದ.

"ಇದರಲ್ಲಿ ಈಗ ಕೇಳ್ತಿರೋದು ಯಾರು? ನೀನಾ, ಅವಳಾ?"

ಅವಳು ಫೋನನ್ನು ಮೇಜಿನ ಮೇಲಿಟ್ಟು ಗೋಣಿಚೀಲಗಳನ್ನು ತೊಟ್ಟಿಯಲ್ಲಿ ಅದ್ದಿದಳು. ಅಂಗಡಿ ತೆರೆಯದ ದಿನ ಹೂ ಬಾಡದಿರಲೆಂದು ಹೊದಿಸುವ ಚೀಲಗಳು ಅವು. ಹಿಂಡಲು ಒಂದು ಕೈ ಸಾಲದೆ ಚೀಲದ ಇನ್ನೊಂದು ತುದಿಯನ್ನು ಗಂಡನ ಕಡೆ ಚಾಚಿದಳು. ಇಬ್ಬರೂ ಸೇರಿ ಹನ್ನೊಂದು ಬಕೆಟ್ಟುಗಳಿಗೂ ಒಂದೊಂದಾಗಿ ಹೊದಿಸಿದರು. ಕೊನೆಯ ಬಕೆಟ್ಟಿಗೆ ಹೊದಿಸುವ ಮುನ್ನ ಅವಳು ತನ್ನ ಕತ್ತರಿಯನ್ನು ಸೆರಗಿನಲ್ಲಿ ಒರೆಸಿ ಬ್ಯಾಗಿಗೆ ಹಾಕಿಕೊಂಡಳು.